ಪಾವು ತಾಸಿನ ಪರದೇಶ

ಸಂಶಿಯ ಅಗಸಿಕಟ್ಟೆಯ ಮೇಲೆ ಕುಳಿತು ಕೇಳಿದರೆ ಈ ಕಥೆಯನ್ನು ಎರಡು ಬಗೆಯಾಗಿ ಹೇಳುತ್ತಾರೆ. ಸಣ್ಣವ್ವ ನೇಪಾಳದಲ್ಲಿ ಕಳೆದುಹೋಗಿದ್ದಳು ಎನ್ನುವುದು ಊರಿನ ಮಾತು. ಸಣ್ಣವ್ವನನ್ನು ಕೇಳಿದರೆ, ಕಳೆದುಹೋದವರು ಉಳಿದ ಮೂವರು, ತಾನು ಕುಳಿತ ಜಾಗದಲ್ಲೇ ಕುಳಿತಿದ್ದೆ ಎನ್ನುತ್ತಾಳೆ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಆ ದಿನ ಹುಲ್ಲಿನ ಬಂಡಿಯ ಮೇಲೆ ಕುಳಿತು, ನಗಬೇಕೋ ಅಳಬೇಕೋ ತಿಳಿಯದೆ ದೇವರ ಹೆಸರನ್ನೆಲ್ಲ ಒಂದೇ ಉಸುರಿನಲ್ಲಿ ಹೇಳಿದವಳು ಸಣ್ಣವ್ವನ ಸೊಸೆ ದುಂಡವ್ವ. ಹಾಗಾಗಿ ಕಥೆ ಆಕೆಯ ಬೆನ್ನ ಹಿಂದೆ ಹೋಗುವುದೇ ನ್ಯಾಯ.

ಎಂಬತ್ತೇಳನೆಯ ಇಸವಿಯ ಚೈತ್ರ. ಜೋಳ ಕಡಲೆ ಮನೆ ಸೇರಿದ್ದವು. ದುಂಡವ್ವನ ಗಂಡ ಅಂದಾನೆಪ್ಪ ಹೊಲ ಬಿಟ್ಟು ಹೊರಗೆ ಬರಲು ಅದೊಂದೇ ತಿಂಗಳು ಸಂದು. ಅವನ ತಮ್ಮ ಉಡಚಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರ. ಅವನೇ ಮುಂದಾಗಿ ಕಾಶಿಗೆ ಹೊರಡಿಸಿದ. ಕಾಶಿಯಲ್ಲಿ ಗಂಗಾಸ್ನಾನವಾಗಿ ಎಲ್ಲರೂ ಊರ ಕಡೆ ಮುಖ ಮಾಡಿದಾಗ ತಾಯಿ ಸಣ್ಣವ್ವ ಘಾಟಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಕಾಶಿ ಎಲ್ಲಾರೂ ನೋಡ್ತಾರ. ಸೀತವ್ವನ ತವರಮನಿ ಯಾರ ನೋಡ್ಯಾರ? ಇಷ್ಟ ದೂರ ಬಂದು ಆಕೀನ್ನ ಮಾತಾಡಸಲಾರದ ಹೋಗೂದಂದ್ರ ಹೆಂಗ?"

"ಯವ್ವಾ, ಅದು ಪರದೇಶ ಬೇ" ಎಂದ ಉಡಚಪ್ಪ.

"ಆಕೀಗೆ ಪರದೇಶ ಅಲ್ಲಲ್ಲ. ಆಕಿ ತವರದು."

ಮಠದ ಪುರಾಣದಲ್ಲಿ ಸೀತೆಯನ್ನು ಕಾಡಿಗೆ ಕಳಿಸುವ ದಿನ ಸಣ್ಣವ್ವ ಮೂಗು ಒರೆಸಿಕೊಳ್ಳುತ್ತ ಪ್ರತಿವರ್ಷ ಕೇಳುವ ಪ್ರಶ್ನೆ ಊರಿಗೆಲ್ಲ ಗೊತ್ತಿತ್ತು: "ಆ ಹುಡುಗಿ ತವರಿಗ್ಯಾಕ ಹೋಗಲಿಲ್ರಿ?" ಪುರಾಣ ಹೇಳುವ ಐನೋರು ಪ್ರತಿವರ್ಷ ಕನ್ನಡಕ ಒರೆಸುತ್ತಿದ್ದರು.

ಹೀಗೆ ನಾಲ್ವರೂ ಬಿಹಾರ ದಾಟಿ, ಜಯನಗರದಲ್ಲಿ ಇಳಿದು, ಅಲ್ಲಿಂದ ನೇಪಾಳದ ಸಣ್ಣ ರೈಲು ಹತ್ತಿ ಜನಕಪುರಕ್ಕೆ ಬಂದರು. ಪರದೇಶ ಎಂದು ಯಾರೂ ಹೇಳದಿದ್ದರೆ ದುಂಡವ್ವನಿಗೆ ತಿಳಿಯುತ್ತಲೇ ಇರಲಿಲ್ಲ. ಗೋಡೆಗೆ ಬಡಿದ ಸೆಗಣಿ ಕುಳ್ಳು ಅವೇ, ಎಮ್ಮೆ ಅವೇ, ಎಮ್ಮೆಯ ಹಿಂದೆ ಬೈಯುತ್ತ ಹೋಗುವ ಹೆಂಗಸೂ ಆಕೆಯೇ. ಆ ರೈಲಂತೂ ನಡುವೆ ಒಬ್ಬ ಇಳಿದು ಬೇವಿನ ಕಡ್ಡಿ ಮುರಿದುಕೊಂಡು ಮತ್ತೆ ಹತ್ತುವಷ್ಟು ಮೆಲ್ಲಗೆ ಬಂದಿತ್ತು.

"ಇದು ರೈಲಲ್ಲ ವೈನಿ, ಹಳಿ ಮ್ಯಾಲಿನ ಚಕ್ಕಡಿ" ಎಂದು ಉಡಚಪ್ಪ ನಕ್ಕಿದ್ದ.

ಒಂದು ರಾತ್ರಿ ಧರ್ಮಶಾಲೆಯಲ್ಲಿ ಕಳೆದು, ಬೆಳಿಗ್ಗೆ ಜಾನಕಿಯ ದರ್ಶನ ಮಾಡಿ, ತಿರುಗಿ ಹೋಗುವ ರೈಲು ಹನ್ನೊಂದಕ್ಕೆ ಎಂದರೆ ಒಂಬತ್ತೂವರೆಗೇ ಸ್ಟೇಶನ್ನಿನಲ್ಲಿದ್ದರು. ನಮ್ಮ ಕಡೆಯವರು ರೈಲಿಗೆ ಹೋಗುವ ಬಗೆಯೇ ಹಾಗೆ. ಗಾಡಿ ಬಂದು ನಿಂತಿತ್ತು. ಕಿಟಕಿಯೊಳಗಿಂದ ಟವೆಲ್ ಎಸೆದು ಒಂದು ಬೆಂಚು ಹಿಡಿದರು. ಚೀಲ ಒಳಗಿಟ್ಟು, ಹಾದಿಯ ರೊಟ್ಟಿ ತೆಗೆಯಲೆಂದು ದುಂಡವ್ವ ದೊಡ್ಡ ಚೀಲಕ್ಕೆ ಕೈಹಾಕಿದಳು. ರೊಟ್ಟಿ ಗಂಟಿನ ಬದಲು ಕೈಗೆ ಸಿಕ್ಕಿದ್ದು ಬೇರೆ ಗಂಟು.

ಅದು ಉಡಿಯ ಗಂಟು. ಗುಳೇದಗುಡ್ಡದ ಖಣ, ಐದು ಉತ್ತತ್ತಿ, ಐದು ಅರಿಷಿಣ ಕೊಂಬು, ಒಂದು ಬಟ್ಟಲ ಕೊಬ್ಬರಿ, ಹಸಿರು ಬಳೆ, ಸ್ವಂತ ಊರಿನಿಂದ ಹೊತ್ತು ತಂದ ಒಂದು ಸೇರು ಅಕ್ಕಿ. ಸೀತವ್ವನ ಉಡಿ ತುಂಬಲೆಂದೇ ಇಷ್ಟು ದೂರ ಬಂದವರು, ದರ್ಶನದ ಗದ್ದಲದಲ್ಲಿ ಗಂಟನ್ನು ಚೀಲದ ತಳದಲ್ಲೇ ಮರೆತಿದ್ದರು.

ಸಣ್ಣವ್ವ ಹಣೆ ಹಣೆ ಬಡಿದುಕೊಂಡಳು. "ನಿನ್ನ ಕೈಯಾಗ ಕೊಟ್ಟಿದ್ದೆ! ನಿನ್ನ ಕೈಯಾಗ! ಗಂಡನ ಮನ್ಯಾಗಂತೂ ಆಕಿನ್ನ ಕಾಡಿಗೆ ಅಟ್ಟಿದ್ರು, ತವರಿಗೆ ಬಂದವರೂ ಬರಿಗೈಲೆ ಬಂದು ಹೊಳ್ಳಿ ಹೊಂಟ್ರಲ್ಲ!"

"ಅತ್ತೀ, ಬರತೇನಿ, ಈಗ ಹೋಗಿ ತುಂಬಿ ಬರತೇನಿ. ನೀವೂ ನಡೀರಿ."

"ನಾ ಯಾಕ?" ಎಂದಳು ಸಣ್ಣವ್ವ, ದನಿ ಸಣ್ಣದಾಗಿ. ಗಂಡನನ್ನು ಕಳೆದುಕೊಂಡು ಹನ್ನೆರಡು ವರ್ಷ. ಉಡಿ ತುಂಬುವಲ್ಲಿ ವಿಧವೆ ನಿಲ್ಲಬಾರದೆಂದು ಬೇರೆಯವರು ಹೇಳುವ ಮೊದಲೇ ತಾನೇ ಹಿಂದೆ ಸರಿಯುವವಳು ಆಕೆ. ಬೆಂಚಿನ ಮೇಲೆ ಕಾಲು ಮಡಚಿ ಕುಳಿತು ಹೇಳಿದಳು: "ಗಂಡಾ ಹೆಂಡತಿ ಹೋಗ್ರಿ. ಭಾಷಾ ಬರೂದಿಲ್ಲ, ಉಡಚಪ್ಪನ್ನೂ ಕರಕೊಂಡ ಹೋಗ್ರಿ. ನಾ ಜಾಗಾ ಹಿಡದಿರತೇನಿ."

ದುಂಡವ್ವ ಪ್ಲಾಟ್‌ಫಾರ್ಮಿನ ಗಡಿಯಾರ ನೋಡಿದಳು. ಅದರಲ್ಲಿ ಹತ್ತು ಹೊಡೆಯಲು ಬಂದಿತ್ತು. ಉಡಚಪ್ಪ ತನ್ನ ಕೈಗಡಿಯಾರ ತೋರಿಸಿದ.

"ಅದನ್ನ ನೋಡಬ್ಯಾಡ್ರಿ ವೈನಿ. ಪಾವ ತಾಸು ಮುಂದ ಓಡಾಕತ್ತೇತಿ. ನಿನ್ನೇನ ನೋಡೇನಿ. ಗಡಿಯಾರಕ್ಕ ಕೀಲಿ ಕೊಡೂ ಮಂದಿಗೆ ಒಂದು ಶಿಸ್ತ ಇಲ್ಲ ಇಲ್ಲೆ. ನನ್ನ ಗಡಿಯಾರ ಧಾರವಾಡ ರೇಡಿಯೋಕ್ಕ ಹಚ್ಚಿದ್ದು. ಹದಿನಾರು ವರ್ಷ ರೈಲ್ವೇದಾಗ ಅದೇನಿ, ಒಂದ ದಿನ ಗಾಡಿ ತಪ್ಪಿಲ್ಲ."

ಈ ಮಾತು ಕೇಳಿ ದೇವರು ಎಲ್ಲಿಯೋ ನಕ್ಕಿರಬೇಕು. ಮನುಷ್ಯ ಹೆಮ್ಮೆಪಟ್ಟಾಗ ಅವನು ಗದರಿಸುವುದಿಲ್ಲ, ಒಂದು ಸಣ್ಣ ಕೆಲಸ ಹಚ್ಚುತ್ತಾನೆ.

ಸೈಕಲ್ ರಿಕ್ಷಾದಲ್ಲಿ ಮೂವರೂ ಗುಡಿಗೆ ಹೋದರು. ಪೂಜಾರಿ ಒಳ್ಳೆಯವನು, ಖಣವನ್ನು ತಿರುವಿ ಮುರುವಿ ನೋಡಿ, ಎಷ್ಟು ಚಂದ ಎಂದು ಕಣ್ಣಲ್ಲೇ ಹೇಳಿ, ಎಲ್ಲವನ್ನೂ ದೇವಿಯ ಪಾದದ ಹತ್ತಿರ ಇಟ್ಟ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಉಡಿ ತುಂಬಿದವಳು ಬರಿ ಸೆರಗಿನಿಂದ ತಿರುಗುವ ರೂಢಿ ಸಂಶಿಯಲ್ಲಿಲ್ಲ. ತುಂಬಿದ ಉಡಿಯಿಂದ ಒಂದು ಹಿಡಿ ತಿರುಗಿ ಬರಬೇಕು. ದುಂಡವ್ವ ಸೆರಗು ಒಡ್ಡಿ ನಿಂತಳು.

ಪೂಜಾರಿ ತೀರ್ಥ ಕೊಟ್ಟ. ಕುಡಿದು ಮತ್ತೆ ಒಡ್ಡಿದಳು. ಹೂವು ಕೊಟ್ಟ. ಮುಡಿದು ಮತ್ತೆ ಒಡ್ಡಿದಳು. ಒಂದು ಪೇಡೆ ಕೊಟ್ಟ. ಅದನ್ನು ಅಂದಾನೆಪ್ಪ ತಿಂದ.

"ಇವಗೇನ ಹೇಳಲಿ ವೈನಿ?" ಎಂದು ಉಡಚಪ್ಪ ಒದ್ದಾಡಿದ. "ಉಡಿಗೆ ಹಿಂದೀಲೆ ಏನಂತಾರ ನನಗೂ ಗೊತ್ತಿಲ್ಲ!"

ಕೊನೆಗೆ ಹಿಂದೆ ನಿಂತಿದ್ದ ಆ ಊರಿನ ಒಬ್ಬ ಮುದುಕಿ ಇವಳ ಮುಖ ನೋಡಿದಳು, ಸೆರಗು ನೋಡಿದಳು, ಗಲ್ಲ ಸವರಿದಳು. ಪಾದದ ಹತ್ತಿರದಿಂದ ಎರಡು ಬೊಗಸೆ ಅಕ್ಕಿ ತೆಗೆದು ಸೆರಗಿಗೆ ಸುರಿದಳು. ತವರಿನಿಂದ ಹೊರಡುವ ಮಗಳಿಗೆ ಕೊಟ್ಟ ಹಾಗೆ. ತಂದೆ ತಾಯಿ ಇಬ್ಬರೂ ತೀರಿಹೋಗಿದ್ದ ದುಂಡವ್ವನ ಕಣ್ಣು ತುಂಬಿತು. ಉಡಿ ತುಂಬಿದ ಮೇಲೆ ಓಡಬಾರದೆಂದು ನಿಧಾನಕ್ಕೆ ನಡೆದಳು. ರಿಕ್ಷಾ ಸ್ಟೇಶನ್ನಿಗೆ ಬಂದಾಗ ಉಡಚಪ್ಪನ ಗಡಿಯಾರದಲ್ಲಿ ಇನ್ನೂ ಹತ್ತು ಐವತ್ತೊಂದು.

"ಒಂಬತ್ತು ಮಿಂಟ ಕೈಯಾಗ ಅದಾವ. ಚಾ ಕುಡಿಯೂಣು" ಎಂದ.

ಪ್ಲಾಟ್‌ಫಾರ್ಮಿನಲ್ಲಿ ಒಂದು ನಾಯಿ ಮಲಗಿತ್ತು. ಹಳಿ ಖಾಲಿ ಇತ್ತು.

ಮೂವರೂ ಸ್ವಲ್ಪ ಹೊತ್ತು ಆ ಖಾಲಿ ಹಳಿಯನ್ನು, ಯಾರೋ ಹಾಸಿಗೆ ಎತ್ತಿಕೊಂಡು ಹೋದ ಮಂಚವನ್ನು ನೋಡಿದ ಹಾಗೆ ನೋಡಿದರು. ಅಂದಾನೆಪ್ಪನೇ ಮೊದಲು ಬಾಯಿ ತೆರೆದ.

"ಉಡಚ್ಯಾ. ಗಾಡಿ ಎಲ್ಲೈತಿ?"

ಹಮಾಲಿಯೊಬ್ಬ ಬೀಡಿ ತೆಗೆದು ದೂರದಲ್ಲಿ ಹೊಗೆ ಏಳುತ್ತಿದ್ದ ಕಡೆ ತೋರಿಸಿದ. ಉಡಚಪ್ಪ ಅವನ ಮೂಗಿಗೆ ಕೈಗಡಿಯಾರ ಹಿಡಿದು ಜಗಳಕ್ಕೇ ನಿಂತ. ಹಮಾಲಿ ಒಮ್ಮೆ ಕೈಗಡಿಯಾರ, ಒಮ್ಮೆ ಗೋಡೆಯ ಗಡಿಯಾರ ನೋಡಿ, ಹೊಟ್ಟೆ ಹಿಡಿದು ನಗತೊಡಗಿದ.

"ಬಾಬೂ, ಘಡೀ ಹಿಂದೂಸ್ತಾನ್ ಕೀ, ರೇಲ್ ನೇಪಾಲ್ ಕೀ!"

ಅಂದರೆ ಇಷ್ಟೇ: ಇಲ್ಲಿಯ ಹೊತ್ತೇ ಬೇರೆ, ನಮ್ಮದಕ್ಕಿಂತ ಪಾವು ತಾಸು, ಹದಿನೈದು ನಿಮಿಷ, ಮುಂದೆ. ಗಡಿ ದಾಟಿದಾಗ ಮಣ್ಣು ಬದಲಾಗಿರಲಿಲ್ಲ, ಎಮ್ಮೆ ಬದಲಾಗಿರಲಿಲ್ಲ. ಕಣ್ಣಿಗೆ ಕಾಣದ ಹೊತ್ತೊಂದೇ ಸದ್ದಿಲ್ಲದೆ ಬದಲಾಗಿತ್ತು.

"ಒಂದ ದಿನ ಗಾಡಿ ತಪ್ಪಿಲ್ಲ ಅಂದಿ" ಎಂದ ಅಂದಾನೆಪ್ಪ.

"ಅಣ್ಣಾ, ಹುಬ್ಬಳ್ಳ್ಯಾಗ ತಪ್ಪಿಲ್ಲ."

"ಹುಬ್ಬಳ್ಳ್ಯಾಗ ಅವ್ವನ್ನ ಯಾವಾಗ ಗಾಡ್ಯಾಗ ಕುಂದರಿಸಿ ಬಂದಿದ್ದಿ?"

ಆಗ ದುಂಡವ್ವನಿಗೆ ಪೂರ್ತಿ ಅರಿವಾಯಿತು. ಟಿಕೀಟು ನಾಲ್ಕೂ ಉಡಚಪ್ಪನ ಕಿಸೆಯಲ್ಲಿ. ಹುಬ್ಬಳ್ಳಿ ದಾಟಿದರೆ ಒಂದು ಮಾತು ತಿಳಿಯದ ಎಪ್ಪತ್ತು ವರ್ಷದ ಅತ್ತೆ, ಪರದೇಶದ ರೈಲಿನಲ್ಲಿ, ಟಿಕೀಟಿಲ್ಲದೆ, ಒಬ್ಬಳೇ. ಇಳಿಸಿಬಿಟ್ಟರೆ ಯಾವ ಊರೆಂದು ಹೇಳುವಳು? ಸಂಶಿ ಎಂದರೆ ಇಲ್ಲಿ ಯಾರಿಗೆ ಗೊತ್ತು?

ಇದಕ್ಕಿಂತ ಹೆಚ್ಚು ಸುಟ್ಟದ್ದು ಇನ್ನೊಂದು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಎಷ್ಟು ಸಲ ಒಲೆಯ ಮುಂದೆ ಕುಳಿತು, 'ಯಪ್ಪಾ ಶಿವನ, ಒಂದ ದಿನಾ ಈ ಮುದುಕಿ ಕಣ್ಣ ಮುಂದ ಇರದಂಗ ಮಾಡೋ' ಎಂದು ಬೇಡಿಕೊಂಡಿದ್ದಳೋ! ಅಷ್ಟೂ ವರ್ಷ ಕಿವುಡನಾಗಿದ್ದ ದೇವರು ಇಲ್ಲಿ ಬಂದು, ಇಂಥ ಜಾಗದಲ್ಲಿ ನಡೆಸಿಕೊಡಬೇಕೇ?

"ಬ್ಯಾಡಪ್ಪಾ, ತಿರುಗಿ ತಗೋ ನಿನ್ನ ವರಾ" ಎಂದಳು ಗಟ್ಟಿಯಾಗಿ.

"ಯಾರ ಜೋಡಿ ಮಾತಾಡ್ತಿ?" ಎಂದ ಅಂದಾನೆಪ್ಪ.

"ನಿಮ್ಮ ಜೋಡೀ ಅಲ್ಲ. ಓಡ್ರಿ!"

ಉಡಚಪ್ಪ ತಲೆ ಹಿಡಿದು ಕುಳಿತವನು ಚಟ್ಟನೆ ಎದ್ದ. ಈಗ ಅವನೊಳಗಿನ ರೈಲ್ವೆಯವನು ಎಚ್ಚರಾಗಿದ್ದ. "ಅಣ್ಣಾ, ಒಂದ ಹಳಿ! ಎದರಿನಿಂದ ಬರೂ ಗಾಡಿ ಇನ್ನೂ ಬಂದಿಲ್ಲ. ಅಂದಮ್ಯಾಲ ನಮ್ಮ ಗಾಡಿ ಮುಂದಿನ ಸ್ಟೇಶನ್ನಿನಾಗ ನಿಂತು ಅದಕ್ಕ ಹಾದಿ ಬಿಡಬೇಕು. ಅದು ಬರೂತನಕ ಇದು ಬಿಡಂಗಿಲ್ಲ!" ಹಮಾಲಿಯನ್ನು ಕೇಳಿದರೆ ಅವನೂ ಹೌದೆಂದ. ಎರಡು ಕೋಸು, ನಾಲ್ಕು ಮೈಲಿನಷ್ಟು ದೂರ.

ಹೊರಗೆ ರಿಕ್ಷಾ ಹೋಗಿಬಿಟ್ಟಿತ್ತು. ಇದ್ದದ್ದು ಒಂದು ಎತ್ತಿನ ಬಂಡಿ, ಅದರ ತುಂಬ ಭತ್ತದ ಹುಲ್ಲು, ಹುಲ್ಲಿನ ಮೇಲೆ ಅರೆನಿದ್ದೆಯಲ್ಲಿದ್ದ ಒಬ್ಬ ಮುದುಕ. ಉಡಚಪ್ಪ ಹುಬ್ಬಳ್ಳಿಯ ಹಿಂದಿಯಲ್ಲಿ ಎಲ್ಲವನ್ನೂ ವಿವರಿಸತೊಡಗಿದ, ಮುದುಕ ಆಕಳಿಸಿದ. ಅಂದಾನೆಪ್ಪ ಮಾತಿಗೆ ಹೋಗಲಿಲ್ಲ. ಬಲಗಡೆಯ ಎತ್ತಿನ ತುಟಿ ಎತ್ತಿ ಹಲ್ಲು ನೋಡಿದ, ಹೆಗಲ ಮೇಲಿನ ಹಿಣಿಲು ಸವರಿದ, ವಯಸ್ಸು ಇಷ್ಟೇ ತಾನೆ ಎಂಬಂತೆ ಆರು ಬೆರಳು ತೋರಿಸಿ ತಲೆದೂಗಿದ. ಮುದುಕ ಎದ್ದು ಕುಳಿತ. ಅಂದಾನೆಪ್ಪ ನೊಗ ಒತ್ತಿ ಕೆಂಪಾಗಿದ್ದ ಕಡೆ ತೋರಿಸಿ 'ಛೆ ಛೆ' ಎಂದು, ತನ್ನ ತಲೆಯ ಪಟಗಾ ಬಿಚ್ಚಿ ಮಡಚಿ ನೊಗದ ಕೆಳಗೆ ಮೆತ್ತೆ ಮಾಡಿ ಇಟ್ಟ. ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, ಹಗ್ಗವನ್ನೇ ಇವನ ಕೈಗೆ ಕೊಟ್ಟ. ಒಕ್ಕಲಿಗರಿಗೆ ಬೇರೆ ಭಾಷೆ ಯಾಕೆ?

ಆಮೇಲಿನದು ದುಂಡವ್ವ ಎಷ್ಟು ಸಲ ಹೇಳಿದರೂ ಪ್ರತಿಸಲ ಸ್ವಲ್ಪ ಬೇರೆಯಾಗುತ್ತದೆ. ಹುಲ್ಲಿನ ಮೇಲೆ ಆಕೆ, ಎರಡೂ ಕೈಯಲ್ಲಿ ಉಡಿಯ ಅಕ್ಕಿ ಒತ್ತಿ ಹಿಡಿದು. ಬಾಜು ಮುದುಕ. ಹಿಂದೆ ಜೋತುಬಿದ್ದ ಉಡಚಪ್ಪ. ಮುಂದೆ ಬಂಡಿಯ ಮೂಕಿಮರದ ಮೇಲೆ ನಿಂತ ಗಂಡ, ಬರಿದಲೆಯಲ್ಲಿ, ಇಪ್ಪತ್ತು ವರ್ಷ ಚಿಕ್ಕವನಾಗಿ.

"ಹಾ ನನ ಸಾವಕಾರಾ! ಹಾ ನನ ರಾಜಾ! ಅವ್ವ ಕುಂತಾಳೋ ಗಾಡ್ಯಾಗ! ನಡೀರೋ ತಂದಿ!"

ಎತ್ತುಗಳು ಹುಟ್ಟಿದಾಗಿನಿಂದ ಕನ್ನಡವನ್ನೇ ಕೇಳುತ್ತ ಬಂದಿವೆಯೋ ಎಂಬಂತೆ ಬಾಲ ಎತ್ತಿ ಓಡಿದವು. ಹುಲ್ಲು ಹಾರಿತು. ಕೋಳಿ ಹಾರಿದವು. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ನಿಂತು ಕೂಗಿದರು. ಮುದುಕನಿಗೆ ಹುರುಪು ಬಂದು ಅವನೂ ಏನೋ ಕೂಗತೊಡಗಿದ. ಒಂದು ತಗ್ಗಿನಲ್ಲಿ ಬಂಡಿ ಹಾರಿ ಬಿದ್ದಾಗ ಉಡಚಪ್ಪ ಇದ್ದ ಜಾಗದಲ್ಲಿ ಇರಲಿಲ್ಲ.

"ಏನ್ರೀ! ಉಡಚಪ್ಪ ಬಿದ್ದ!"

"ಅವಂಗ ಕಾಲ ಅದಾವ, ಓಡಿ ಬರಲಿ!" ಎಂದ ಅಂದಾನೆಪ್ಪ, ತಿರುಗಿಯೂ ನೋಡದೆ.

ಹಿಂದೆ ಧೂಳಿನಲ್ಲಿ ಉಡಚಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದ. ದುಂಡವ್ವನಿಗೆ ನಗು ಬಂತು. ತಡೆಯಲಾಗದ ನಗು. ಅತ್ತೆ ಕಳೆದುಹೋಗಿರುವಾಗ ನಗಬಾರದು ಎಂದುಕೊಂಡಷ್ಟೂ ಹೆಚ್ಚಾಯಿತು. ನಗುತ್ತಲೇ 'ಎವ್ವಾ ಸೀತವ್ವಾ, ನಿನ್ನ ಊರಾಗ ಕಳದಾಳ, ನೀನ ಹುಡುಕಿ ಕೊಡು' ಎಂದು ಬೇಡಿಕೊಂಡಳು, ಬೇಡುತ್ತಲೇ ಅತ್ತಳು. ನಗುವಿಗೂ ಅಳುವಿಗೂ ಕಣ್ಣಲ್ಲಿ ಬರುವ ನೀರು ಒಂದೇ ಬಾವಿಯದು ಎಂದು ಅವತ್ತು ತಿಳಿಯಿತು ಎನ್ನುತ್ತಾಳೆ.

ಮಾವಿನ ತೋಪು ದಾಟಿದಾಗ ಸ್ಟೇಶನ್ ಕಂಡಿತು. ಗಾಡಿ ನಿಂತಿತ್ತು! ಆದರೆ ಅದೇ ಹೊತ್ತಿಗೆ ಎದುರಿನ ಗಾಡಿ ಸಿಳ್ಳೆ ಹಾಕುತ್ತ ಬಂದು ಬಾಜುವಿನ ಹಳಿಗೆ ಸೇರಿತು. ಇನ್ನು ಇದು ಬಿಡುವುದೇ.

ಬಂಡಿ ನಿಲ್ಲುವ ಮೊದಲೇ ದುಂಡವ್ವ ಜಿಗಿದಳು. ಗಾಡಿಯ ಮುಂದಿನ ತುದಿಯಲ್ಲಿ ಇಂಜಿನ್ ಕೂಗಿತು. ಆಕೆ ಓಡಿದಳು, ಎರಡೂ ಕೈಯಲ್ಲಿ ಉಡಿ ಹಿಡಿದು ಓಡಲು ಬರುವುದಿಲ್ಲ, ಸೀರೆಯ ನಿರಿಗೆ ಕಾಲಿಗೆ ಸಿಗುತ್ತದೆ. ಒಂದೆರಡು ಹೆಜ್ಜೆ ಮುಗ್ಗರಿಸಿದಳು. ಬಿಡಲು ಮನಸ್ಸಿಲ್ಲ, ಸೀತವ್ವನ ತವರಿನ ಅಕ್ಕಿ. ಮೂರನೆಯ ಹೆಜ್ಜೆಗೆ ಕೈ ಬಿಟ್ಟಳು. ಅಕ್ಕಿ ಕಲ್ಲುಹಾಸಿನ ಮೇಲೆ ಸುರಿಯಿತು. ನಿರಿಗೆ ಎತ್ತಿ ಕಟ್ಟಿ, ತಿರುಗಿ ನೋಡದೆ, ಒಂದೊಂದು ಕಿಟಕಿಗೂ ಇಣುಕುತ್ತ ಓಡಿದಳು.

"ಅತ್ತೀ! ಅತ್ತೀ!"

ಎಲ್ಲ ಕಿಟಕಿಯಲ್ಲೂ ಗುರುತಿಲ್ಲದ ಮುಖ. ಡಬ್ಬಿಯ ಮೇಲೆ ಕೂಡ ಜನ. ಐದನೆಯದೋ ಆರನೆಯದೋ ಡಬ್ಬಿಯ ಹತ್ತಿರ ಬಂದಾಗ ಒಳಗಿಂದ ಇಪ್ಪತ್ತೆರಡು ವರ್ಷ ಕಿವಿಗೆ ಚುಚ್ಚಿದ ಆ ದನಿ ಕೇಳಿತು. ಅದಕ್ಕಿಂತ ಇಂಪಾದದ್ದನ್ನು ದುಂಡವ್ವ ಯಾವ ಗುಡಿಯಲ್ಲೂ ಕೇಳಿರಲಿಲ್ಲ.

"ಹೇಳಿದರ ತಿಳಿಯಂಗಿಲ್ಲ ನಿನಗ? ಕೋಟ್ ಹಾಕ್ಕೊಂಡೀದಿ, ಸಾಲಿ ಕಲತಂಗ ಕಾಣಸ್ತಿ! ಮೂರು! ಮೂರ ಮಂದಿ ಬರತಾರ! ಚೀಟಿ ಅವರ ಕಡೆ ಅದಾವ!"

ದುಂಡವ್ವ ಹತ್ತಿದಳು. ಹಿಂದೆ ಅಂದಾನೆಪ್ಪ. ಗಾಡಿ ಕದಲಿದ ಮೇಲೆ, ಯಾರು ಯಾರದೋ ಕೈ ಹಿಡಿದು, ಕೊನೆಯ ಬಾಗಿಲಿನಿಂದ ಉಡಚಪ್ಪ. ದೂರದಲ್ಲಿ ಮುದುಕ ಹುಲ್ಲಿನ ಮೇಲೆ ನಿಂತು ಪಟಗಾ ಬೀಸುತ್ತಿದ್ದ.

ಒಳಗೆ ಕಾಲಿಡಲು ಜಾಗವಿಲ್ಲ. ಜನ ಬಾಗಿಲಿಗೆ ಜೋತುಬಿದ್ದಿದ್ದಾರೆ, ಒಬ್ಬರ ತೊಡೆಯ ಮೇಲೆ ಒಬ್ಬರು ಕುಳಿತಿದ್ದಾರೆ. ಅದರ ನಟ್ಟನಡುವೆ ಒಂದು ಬೆಂಚು. ಬೆಂಚಿನ ತುದಿಗೆ ಸಣ್ಣವ್ವ. ಆಕೆಯ ಬಾಜು ಮೂರು ಮಂದಿಯ ಜಾಗ ಖಾಲಿ, ಅಂಗಳದಂತೆ. ಟಿಕೀಟು ನೋಡುವ ಕೋಟಿನವನು ಎದುರಿಗೆ ಕೈಕಟ್ಟಿ ನಿಂತು, ತಿಳಿಯದ ಭಾಷೆಯಲ್ಲಿ ಬೈಸಿಕೊಳ್ಳುತ್ತಿದ್ದ.

ಉಡಚಪ್ಪ ಉಬ್ಬಸ ಪಡುತ್ತ ನಾಲ್ಕು ಟಿಕೀಟು ತೆಗೆದು ಕೊಟ್ಟ. ಕೋಟಿನವನು ಟಿಕೀಟು ನೋಡಲೇ ಇಲ್ಲ, ಉಡಚಪ್ಪನಿಗೆ ಕೈಮುಗಿದು ಹೊರಟುಹೋದ.

"ಎಲ್ಲಿದ್ರಿ ಲೇ ನೀವು?" ಎಂದಳು ಸಣ್ಣವ್ವ. "ಬ್ಯಾರೆ ಡಬ್ಬಿ ಹತ್ತಿ ಅಲ್ಲೇ ಕುಂತ್ರಿ? ಇಲ್ಲೆ ಇವರೆಲ್ಲಾರ ಜೋಡಿ ಬಾಯಿ ಮಾಡಿ ಮಾಡಿ ನನ್ನ ಗಂಟಲಾ ಹರದ ಹೋತು. ಇದೇನ, ತಲೀ ತುಂಬ ಹುಲ್ಲು? ದುಂಡವ್ವಾ, ಉಡಿ ತುಂಬಿದೇನ?"

"ತುಂಬಿದೆ ಅತ್ತೀ."

ಅಂದಾನೆಪ್ಪ ನಡೆದದ್ದನ್ನು ಹೇಳಿದ. ಬಂಡಿಯ ಮಾತು ಬಂದಾಗ, ತಮ್ಮ ಹಾರಿಬಿದ್ದ ಮಾತು ಬಂದಾಗ ಸಣ್ಣವ್ವ ಡಬ್ಬಿಯೆಲ್ಲ ತಿರುಗಿ ನೋಡುವಂತೆ ನಕ್ಕಳು. "ಹದಿನಾರು ವರ್ಷದ ರೈಲ್ವೆ ನೌಕರಿ! ಯಪ್ಪಾ!" ಎಂದು ಕಣ್ಣೊರೆಸಿಕೊಂಡಳು. ಎದುರಿಗೆ ಕುಳಿತವರೂ ಏನೆಂದು ತಿಳಿಯದೆ ನಕ್ಕರು.

ರೈಲು ಗದ್ದೆಗಳ ನಡುವೆ ತೂಕಡಿಸುತ್ತ ಸಾಗಿತು. ಸಣ್ಣವ್ವ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಎಷ್ಟೋ ಹೊತ್ತಿನ ಮೇಲೆ, ಸೊಸೆಗೆ ಮಾತ್ರ ಕೇಳುವ ಹಾಗೆ ಕೇಳಿದಳು:

"ಹಂಗಾದರ ನೀವು ಗಾಡ್ಯಾಗ ಇರಲೇ ಇಲ್ಲ?"

"ಇರಲಿಲ್ಲ ಅತ್ತೀ."

ಸಣ್ಣವ್ವ ಸೊಸೆಯ ಕಡೆ ಇನ್ನಷ್ಟು ಸರಿದು ಕುಳಿತಳು. ದುಂಡವ್ವನಿಗೆ ದಣಿವು ಹತ್ತಿತ್ತು. ಅತ್ತೆಯ ಭುಜಕ್ಕೆ ತಲೆ ತಾಗಿಸಿದ್ದೂ ಗೊತ್ತಾಗದ ಹಾಗೆ ನಿದ್ದೆ ಬಂತು.

ಎಚ್ಚರಾದಾಗ ಜಯನಗರ. ಎಲ್ಲರೂ ಇಳಿಯುವ ಗದ್ದಲ. ಅಂದಾನೆಪ್ಪ ಚೀಲ ಹೊತ್ತು ಮುಂದಾದ. ದುಂಡವ್ವ ಎದ್ದು ಒಂದು ಹೆಜ್ಜೆ ಇಟ್ಟಳು. ಯಾರೋ ಹಿಂದಿನಿಂದ ಜಗ್ಗಿದಂತಾಯಿತು. ತಿರುಗಿ ನೋಡಿದರೆ ಅತ್ತೆಯೂ ಜಗ್ಗಿಸಿಕೊಂಡು ಅರ್ಧ ಎದ್ದಿದ್ದಳು. ಇಬ್ಬರ ಸೆರಗಿನ ತುದಿಗೂ ಒಂದು ಗಂಟು ಬಿದ್ದಿತ್ತು. ಮದುವೆಯಲ್ಲಿ ಗಂಡು ಹೆಣ್ಣಿಗೆ ಹಾಕುವಂಥ, ಬಿಗಿಯಾದ ಗಂಟು.

"ಅಯ್ಯ! ಇದ್ಯಾರ ಹಾಕಿದ್ರು?"

ಸಣ್ಣವ್ವ ಎತ್ತಲೋ ನೋಡಿದಳು. ಉಡಚಪ್ಪ ಬಾಯಿ ಮುಚ್ಚಿಕೊಂಡು ನಗುತ್ತ, "ವೈನಿ, ನಿಮಗ ಇನ್ನೊಂದು ಮದವಿ ಆತಲ್ಲ!" ಎಂದ. ದುಂಡವ್ವ ಬಿಚ್ಚಲೆಂದು ಗಂಟಿಗೆ ಉಗುರು ಹಾಕಿದಳು. ಅದರ ಮೇಲೆ ಅತ್ತೆಯ ಕೈ ಬಂದು ಕುಳಿತಿತು.

"ಇರಲಿ ಬಿಡ. ಅವಸರ ಏನೈತಿ?"

ಇಬ್ಬರೂ ಹಾಗೆಯೇ ಬಾಗಿಲಿಗೆ ಬಂದರು. ಒಬ್ಬಳು ಇಳಿದರೆ ಇನ್ನೊಬ್ಬಳು ಬೀಳುತ್ತಾಳೆ. ಹಾಗಾಗಿ ಒಬ್ಬರ ಸೊಂಟ ಒಬ್ಬರು ಹಿಡಿದು, ಒಂದು ಎರಡು ಎಂದು ಎಣಿಸಿ, ಪುಟ್ಟ ಹುಡುಗಿಯರ ಹಾಗೆ ಕಿಲಕಿಲ ನಗುತ್ತ ಒಟ್ಟಿಗೇ ನೆಲಕ್ಕೆ ಜಿಗಿದರು. ಪ್ಲಾಟ್‌ಫಾರ್ಮಿನ ಜನ ಸರಿದು, ದಿಬ್ಬಣಕ್ಕೆ ಬಿಡುವ ಹಾಗೆ ಹಾದಿ ಬಿಟ್ಟರು.